ಕೋಡ್‌ನಲ್ಲಿ ಕಾರಣವನ್ನೂ ಬರೆಯಲು ಕಲಿಸಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ ಬಂತೆಂದರೆ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್) ಕಾರ್ಯಾಗಾರಗಳು ಸಾಲುಗಟ್ಟುತ್ತವೆ. ಅಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಸಿಗುವ ಸಲಹೆ, ‘ಕೋಡ್ ಬರೆಯಲು ಬಾರದಿದ್ದರೂ ಪರವಾಗಿಲ್ಲ, ಡಾಕ್ಯುಮೆಂಟೇಶನ್‌ನಿಂದ ಶುರು ಮಾಡಿ’ ಎಂಬುದು. ಮಾತು ಸದುದ್ದೇಶದ್ದೇ. ಆದರೆ ಕೋಡ್ ಬಾರದವರಿಗೆ ಉಳಿಸಿದ ಹಗುರ ಕೆಲಸವೇ ಡಾಕ್ಯುಮೆಂಟೇಶನ್ ಎಂಬ ಭಾವನೆ ಇದರಿಂದ ಗಟ್ಟಿಯಾಗುತ್ತಿದೆ. ಓಪನ್ ಸೋರ್ಸ್‌ಗೆ ಕೊಡುಗೆ ನೀಡುವುದನ್ನು ಉತ್ತೇಜಿಸಲು ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್‌ನ 2020ರ ಆವೃತ್ತಿಯಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ (ತಾವು ಮಾಡಿದ ಬದಲಾವಣೆಯನ್ನು ಯೋಜನೆಗೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. ಯೋಜನೆಯನ್ನು ಪರಿಚಯಿಸುವ ರೀಡ್‌ಮಿ ಕಡತಗಳಿಗೆ ‘ಅದ್ಭುತ ಯೋಜನೆ’ ಎಂಬಂಥ ಪದಗಳನ್ನಷ್ಟೇ ಸೇರಿಸಿದ ರಿಕ್ವೆಸ್ಟ್‌ಗಳು ಸಾವಿರಗಟ್ಟಲೆ ಬಂದವು. ಸ್ವಂತ ಸಮಯ ಕೊಟ್ಟು ಯೋಜನೆ ನಡೆಸುವ ಮೇಂಟೇನರ್‌ಗಳು ಒಂದೊಂದನ್ನೂ ತೆರೆದು ನೋಡಿ ಮುಚ್ಚಬೇಕಾಯಿತು. ಮೊದಲ ವಾರದಲ್ಲೇ ಆಯೋಜಕರು ನಿಯಮ ಬದಲಿಸಿ, ಒಪ್ಪಿಗೆ ಸೂಚಿಸಿದ ಯೋಜನೆಗಳಿಗೆ ಮಾತ್ರ ಕಾರ್ಯಕ್ರಮವನ್ನು ಸೀಮಿತಗೊಳಿಸಿದರು.

ಕೋಡ್‌ನ ಪಕ್ಕದಲ್ಲಿ ಓದುಗರಿಗೆಂದು ಬರೆಯುವ ಟಿಪ್ಪಣಿ, ಅಂದರೆ ಕಾಮೆಂಟ್ ಆಗಲಿ, ಜೊತೆಗಿರುವ ಕೈಪಿಡಿಯಾಗಲಿ, ಸಾಫ್ಟ್‌ವೇರ್‌ನ ಭಾಗವೇ. ಅದರಲ್ಲಿ ಆಗುವ ತಪ್ಪಿನ ಬೆಲೆ ಕೋಡ್‌ನ ತಪ್ಪಿಗಿಂತ ಕಡಿಮೆಯೇನಲ್ಲ. ಇದಕ್ಕೆ ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ನಡೆದ ಪ್ರಕರಣವೊಂದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಎನ್‌ಕ್ರಿಪ್ಶನ್‌ಗೆ ಬೇಕಾದ ರಹಸ್ಯ ಕೀಗಳನ್ನು ತಯಾರಿಸುತ್ತದೆ. ಕೀಯನ್ನು ಯಾರೂ ಊಹಿಸಲಾಗದಂತೆ ಮಾಡಲು ಬೇರೆ ಬೇರೆ ಮೂಲಗಳಿಂದ ಯಾದೃಚ್ಛಿಕ ಬೈಟ್‌ಗಳನ್ನು ತಂದು ಒಂದು ಪೂಲ್‌ನಲ್ಲಿ ಕಲೆಸುತ್ತದೆ. ಈ ಕೆಲಸ ಮಾಡುವ ಕಡತದಲ್ಲಿ ಎರಡು ಫಂಕ್ಷನ್‌ಗಳಲ್ಲಿ ಒಂದೇ ತೆರನಾದ ಸಾಲಿತ್ತು: ಬಫರ್‌ನಲ್ಲಿ (ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ) ಇರುವುದನ್ನು ಹ್ಯಾಶ್‌ಗೆ, ಅಂದರೆ ಬೈಟ್‌ಗಳನ್ನು ಕಲೆಸುವ ಲೆಕ್ಕಕ್ಕೆ, ಸೇರಿಸುವ ಸಾಲು. ಅಕ್ಷರಕ್ಕೆ ಅಕ್ಷರ ಒಂದೇ. ಆದರೆ ಒಂದು ಫಂಕ್ಷನ್‌ನಲ್ಲಿ ಆ ಬಫರ್ ಎಂದರೆ ಹೊರಗಿನಿಂದ ಬಂದ ಯಾದೃಚ್ಛಿಕತೆ. ಅದು ಪೂಲ್‌ಗೆ ಸೇರುವ ದಾರಿಯೇ ಆ ಸಾಲು. ಇನ್ನೊಂದರಲ್ಲಿ ಬಫರ್ ಎಂದರೆ ಉತ್ತರ ತುಂಬಿಸಿಕೊಡಲು ಬಳಕೆದಾರ ಕೊಟ್ಟ ಖಾಲಿ ಜಾಗ. ಅದರಲ್ಲಿ ಮೊದಲೇ ಏನಾದರೂ ಕಸ ಬಿದ್ದಿದ್ದರೆ ಅದೂ ಇರಲಿ ಎಂದು ಸೇರಿಸಿದ್ದರು, ಇಲ್ಲದಿದ್ದರೂ ನಡೆಯುತ್ತಿತ್ತು. ಈ ಎರಡನೆಯ ಸಾಲಿನ ಪಕ್ಕದಲ್ಲಿ ಪ್ಯೂರಿಫೈ ಎಂಬ ಪರೀಕ್ಷಾ ಸಾಧನ ಇದಕ್ಕೆ ತಕರಾರು ಮಾಡುತ್ತದೆ ಎಂಬ ಅರ್ಥದ ಎರಡೇ ಪದಗಳ ಕಾಮೆಂಟ್ ಇತ್ತು. ಮೊದಲನೆಯ ಸಾಲಿಗೆ ಯಾವ ಕಾಮೆಂಟೂ ಇರಲಿಲ್ಲ.

2006ರಲ್ಲಿ ಡೆಬಿಯನ್‌ನಲ್ಲಿ ಈ ಪ್ಯಾಕೇಜ್ ನೋಡಿಕೊಳ್ಳುವವರು ವ್ಯಾಲ್‌ಗ್ರಿಂಡ್ ಎಂಬ ಸಾಧನದಿಂದ ಪರೀಕ್ಷಿಸಿದಾಗ, ಇನ್ನೂ ಏನನ್ನೂ ತುಂಬಿರದ ಮೆಮೊರಿಯನ್ನು ಓದಲಾಗುತ್ತಿದೆ ಎಂಬ ಎಚ್ಚರಿಕೆಗಳು ಬಂದವು. ಅವುಗಳ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಈ ಎರಡು ಸಾಲುಗಳು. ಒಂದರ ಪಕ್ಕದ ಕಾಮೆಂಟ್ ಓದಿದರೆ ಎಚ್ಚರಿಕೆ ಹಳೆಯದೇ, ಸಾಲು ತೆಗೆದರೂ ಅಡ್ಡಿಯಿಲ್ಲ ಅನ್ನಿಸುತ್ತದೆ. ಇನ್ನೊಂದು ನೋಡಲು ಹಾಗೆಯೇ ಇದೆ. ಬದಲಾವಣೆಯ ಬಗ್ಗೆ ಮೂಲ ಯೋಜನೆಯವರನ್ನು ಕೇಳುವ ಪ್ರಯತ್ನವೂ ನಡೆಯಿತು. ಯಾರೂ ಬೇಡ ಎನ್ನಲಿಲ್ಲ. ಎರಡೂ ಸಾಲುಗಳು ಹೋದವು. ಪೂಲ್‌ಗೆ ಬರುತ್ತಿದ್ದ ಯಾದೃಚ್ಛಿಕತೆ ನಿಂತುಹೋಯಿತು. ಉಳಿದದ್ದು ಪ್ರೋಗ್ರಾಂನ ಪ್ರಾಸೆಸ್ ಸಂಖ್ಯೆ ಮಾತ್ರ, ಅದಕ್ಕೋ ಗರಿಷ್ಠ 32,768 ಸಾಧ್ಯತೆಗಳು. ಅಂದರೆ ಒಂದು ಬಗೆಯ ಕಂಪ್ಯೂಟರ್‌ನಲ್ಲಿ, ಒಂದು ಗಾತ್ರದ ಕೀ ಎಷ್ಟು ಬಗೆಯಲ್ಲಿ ಹುಟ್ಟಬಹುದು ಎಂಬುದರ ಪೂರ್ತಿ ಪಟ್ಟಿಯನ್ನೇ ಯಾರು ಬೇಕಾದರೂ ಮೊದಲೇ ತಯಾರಿಸಿ ಇಟ್ಟುಕೊಳ್ಳಬಹುದಿತ್ತು.

ಬದಲಾದ ಪ್ಯಾಕೇಜ್ ಹೊರಬಂದಿದ್ದು 2006ರ ಸೆಪ್ಟೆಂಬರ್‌ನಲ್ಲಿ. ದೋಷ ಬಹಿರಂಗವಾದದ್ದು 2008ರ ಮೇ 13ರಂದು. ಇಪ್ಪತ್ತು ತಿಂಗಳು ಡೆಬಿಯನ್‌ನಲ್ಲೂ ಅದನ್ನು ಆಧರಿಸಿದ ಉಬುಂಟುವಿನಲ್ಲೂ ತಯಾರಾದ, ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಗಳು, ವೆಬ್‌ಸೈಟ್‌ಗಳ ಪ್ರಮಾಣಪತ್ರಗಳು ಎಲ್ಲವೂ ಅಸುರಕ್ಷಿತ. ಪ್ಯಾಕೇಜ್ ಅಪ್‌ಡೇಟ್ ಮಾಡಿದರೆ ಸಾಲದು, ಪ್ರತಿಯೊಂದು ಕೀಯನ್ನೂ ಹುಡುಕಿ ತೆಗೆದು ಹೊಸದನ್ನು ಹಾಕಬೇಕಿತ್ತು. ಡಿಜಿಟಲ್ ಸಹಿಗೆ ಬಳಸುವ ಡಿಎಸ್‌ಎ ಕೀಗಳ ವಿಷಯ ಇನ್ನೂ ಕಷ್ಟ: ಬೇರೆಡೆ ಸರಿಯಾಗಿ ತಯಾರಾದ ಕೀಯನ್ನು ದೋಷವಿರುವ ಯಂತ್ರದಲ್ಲಿ ಸಹಿ ಮಾಡಲು ಒಮ್ಮೆ ಬಳಸಿದ್ದರೂ ಅದು ಕೆಟ್ಟಿತೆಂದೇ ಲೆಕ್ಕ.

ಇಲ್ಲಿ ತಪ್ಪು ಮಾಡಿದವರನ್ನು ದೂರುವುದು ಸುಲಭ. ಆದರೆ ಆ ಜಾಗದಲ್ಲಿ ನಿಂತು ಕೋಡ್ ಓದಿದರೆ, ಎರಡು ಸಾಲುಗಳ ನಡುವಿನ ವ್ಯತ್ಯಾಸವನ್ನು ಹೇಳಲು ಅಲ್ಲಿ ಏನೂ ಇರಲಿಲ್ಲ ಎಂಬುದು ಕಾಣುತ್ತದೆ. ಇದ್ದ ಒಂದು ಕಾಮೆಂಟ್ ‘ಸಾಧನ ತಕರಾರು ಮಾಡುತ್ತದೆ’ ಎಂದಿತೇ ಹೊರತು ‘ಈ ಸಾಲು ತೆಗೆಯಬಹುದು, ಏಕೆಂದರೆ ಇದರ ಯಾದೃಚ್ಛಿಕತೆಯನ್ನು ನಾವು ನೆಚ್ಚಿಲ್ಲ, ಮೇಲಿನ ಫಂಕ್ಷನ್‌ನಲ್ಲಿರುವುದನ್ನು ಮಾತ್ರ ಮುಟ್ಟಬೇಡಿ’ ಎನ್ನಲಿಲ್ಲ. ಅಷ್ಟು ಬರೆಯಲು ಎರಡು ನಿಮಿಷ ಸಾಕಿತ್ತು.

ಕಾಮೆಂಟ್ ಹೇಗಿರಬೇಕು ಎಂಬುದಕ್ಕೆ ಕನ್ನಡದ್ದೇ ಒಂದು ಒಳ್ಳೆಯ ಉದಾಹರಣೆಯಿದೆ. ಹಾರ್ಫ್‌ಬಝ್ ಎಂಬ ಓಪನ್ ಸೋರ್ಸ್ ಲೈಬ್ರರಿ ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಅಕ್ಷರಗಳನ್ನು ಜೋಡಿಸಿ ತೋರಿಸುವ ಕೆಲಸ ಮಾಡುತ್ತದೆ. ಕನ್ನಡದಲ್ಲಿ ರ, ಹಲಂತ, ಯ ಒಟ್ಟಿಗೆ ಬಂದರೆ ಅದು ಅರ್ಕಾವೊತ್ತಾಗುತ್ತದೆ, ‘ಕಾರ್ಯ’ದಲ್ಲಿರುವ ಹಾಗೆ. ‘ರ‍್ಯಾಲಿ’, ‘ರ‍್ಯಾಂಕ್’ ಎಂದು ಬರೆಯಬೇಕಾದರೆ ಯಕಾರವೇ ಒತ್ತಾಗಬೇಕು. ಅದಕ್ಕೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು, ಅಂದರೆ ಜೀರೋ ವಿಡ್ತ್ ಜಾಯ್ನರ್ ಅನ್ನು, ನಡುವೆ ಹಾಕುತ್ತೇವೆ. ಯೂನಿಕೋಡ್ ಹೇಳುವ ಕ್ರಮದಲ್ಲಿ ಅದು ರಕಾರದ ನಂತರ, ಹಲಂತಕ್ಕಿಂತ ಮೊದಲು ಬರಬೇಕು. ಆದರೆ ಹಲಂತದ ನಂತರ ಅದನ್ನು ಹಾಕಿ ಬರೆದ ಪಠ್ಯವೂ ಹಿಂದಿನಿಂದ ಉಳಿದುಬಂದಿದೆ. ಹಾರ್ಫ್‌ಬಝ್‌ನ ಭಾರತೀಯ ಲಿಪಿಗಳ ಕಡತದಲ್ಲಿ, ಲಿಪಿ ಕನ್ನಡವಾಗಿದ್ದು ರ, ಹಲಂತ, ಜೋಡಕ ಈ ಕ್ರಮದಲ್ಲಿ ಬಂದರೆ ಕೊನೆಯ ಎರಡನ್ನು ಅದಲುಬದಲು ಮಾಡುವ ನಾಲ್ಕಾರು ಸಾಲುಗಳಿವೆ. ಮೇಲೆ ಕಾಮೆಂಟ್: ಕನ್ನಡದ ಹಳೆಯ ಬಳಕೆಗೆ ಹೊಂದಿಕೆಯಾಗಲೆಂದು ಹಲಂತ ಮೊದಲಿರುವ ಕ್ರಮವನ್ನೂ ಜೋಡಕ ಮೊದಲಿರುವ ಕ್ರಮದಂತೆಯೇ ನಡೆಸಿಕೊಳ್ಳಬೇಕು ಎಂಬ ವಿವರಣೆ, ಜೊತೆಗೆ 435ನೇ ಸಂಖ್ಯೆಯ ಇಶ್ಯೂವಿನ (ಯೋಜನೆಯ ತಾಣದಲ್ಲಿ ದಾಖಲಾದ ಸಮಸ್ಯೆ ಮತ್ತು ಅದರ ಚರ್ಚೆಯ) ಕೊಂಡಿ.

ಆ ಕಾಮೆಂಟ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಕನ್ನಡ ಗೊತ್ತಿಲ್ಲದ ಪ್ರೋಗ್ರಾಮರ್ ಒಬ್ಬರು ಕಡತವನ್ನು ಚೊಕ್ಕಗೊಳಿಸಲು ಕೂತಾಗ, ಒಂದೇ ಒಂದು ಲಿಪಿಗೆ ಏಕೆ ಈ ವಿಶೇಷ ಏರ್ಪಾಡು, ಯಾರೋ ಮರೆತು ಬಿಟ್ಟದ್ದಿರಬೇಕು ಎಂದು ತೆಗೆದುಹಾಕಲು ಎಲ್ಲ ಕಾರಣವೂ ಇತ್ತು. ಮುಂದಿನ ಅಪ್‌ಡೇಟ್‌ನಲ್ಲಿ ಹಳೆಯ ಕ್ರಮದಲ್ಲಿ ಬರೆದ ‘ರ‍್ಯಾಲಿ’ಗಳೆಲ್ಲ ಪರದೆಯ ಮೇಲೆ ಕೆಡುತ್ತಿದ್ದವು. ಹಲಂತ, ಜೋಡಕಗಳನ್ನು ಅದಲುಬದಲು ಮಾಡುತ್ತಿದ್ದೇವೆ ಎಂದು ಆ ಕಾಮೆಂಟ್ ಹೇಳುವುದೇ ಇಲ್ಲ, ಅದು ಕೋಡ್‌ನಲ್ಲೇ ಕಾಣುತ್ತದೆ. ಹೇಳಿರುವುದು ಕಾರಣವನ್ನು ಮತ್ತು ಚರ್ಚೆ ಎಲ್ಲಿ ನಡೆದಿದೆ ಎಂಬುದನ್ನು.

ನಮ್ಮ ಎಷ್ಟೋ ಲ್ಯಾಬ್‌ಗಳಲ್ಲಿ ಕಲಿಸುವುದು ಇದಕ್ಕೆ ತದ್ವಿರುದ್ಧ. ರೆಕಾರ್ಡ್ ಪುಸ್ತಕದಲ್ಲಿ ಪ್ರತಿ ಸಾಲಿಗೂ ಕಾಮೆಂಟ್ ಇದ್ದರೆ ಪೂರ್ಣ ಅಂಕ; ‘ಐ’ಗೆ ಒಂದು ಕೂಡಿಸುವ ಸಾಲಿನ ಪಕ್ಕದಲ್ಲಿ ‘ಐ ಅನ್ನು ಒಂದರಿಂದ ಹೆಚ್ಚಿಸುತ್ತದೆ’ ಎಂಬ ಬರಹ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕೋಡಿಂಗ್ ಶೈಲಿಯ ಕಡತ ಇದನ್ನು ನೇರವಾಗಿಯೇ ಬೇಡವೆನ್ನುತ್ತದೆ: ಕೋಡ್ ಹೇಗೆ ಕೆಲಸ ಮಾಡುತ್ತದೆ ಎಂದು ಕಾಮೆಂಟ್‌ನಲ್ಲಿ ವಿವರಿಸಲು ಹೋಗಬೇಡಿ, ಓದಿದೊಡನೆ ತಿಳಿಯುವಂತೆ ಕೋಡನ್ನೇ ಬರೆಯಿರಿ ಎಂಬುದು ಅದರ ನಿಲುವು. ಇತ್ತೀಚೆಗೆ ಕೋಡ್ ಕೊಟ್ಟರೆ ಕಾಮೆಂಟ್ ಬರೆದುಕೊಡುವ ಎಐ ಸಾಧನಗಳೂ ಬಂದಿವೆ. ಕೋಡ್‌ನಲ್ಲಿ ಕಾಣುವುದನ್ನು ಅವು ಚೆನ್ನಾಗಿ ವಿವರಿಸುತ್ತವೆ. ಕಾಣದ ಕಾರಣವನ್ನು ಬರೆಯಬೇಕಾದವರು ಆ ನಿರ್ಧಾರ ತೆಗೆದುಕೊಂಡವರೇ.

ಹಾಗಾದರೆ ಏನು ಬರೆಯಬೇಕು? ಮೊದಲು, ಕೋಡನ್ನು ಯಂತ್ರಭಾಷೆಗೆ ತರುವ ಕಂಪೈಲರ್‌ಗೂ ಓದುಗರಿಗೂ ಕಾಣದ ಸಂಗತಿಗಳು. ಕಾಯುವ ಅವಧಿ 30 ಎಂದಿದ್ದರೆ ಅದು ಸೆಕೆಂಡೋ ಮಿಲಿಸೆಕೆಂಡೋ. 30 ಏಕೆ, 10 ಏಕಲ್ಲ. ಯಾವ ಸರ್ವರ್‌ನ ಯಾವ ಮಿತಿಗೆ ಹೊಂದಿಸಿದ್ದು. ಫಂಕ್ಷನ್ ಹಿಂತಿರುಗಿಸುವ ಮೆಮೊರಿಯನ್ನು ಬಿಡುಗಡೆ ಮಾಡಬೇಕಾದವರು ಕರೆದವರೋ, ಲೈಬ್ರರಿಯೋ. ಸಿ ಭಾಷೆಯ ಲೈಬ್ರರಿಗಳಲ್ಲಿ ಈ ಒಂದು ಸಾಲು ಇಲ್ಲದ ಕಾರಣಕ್ಕೇ ಒಂದೋ ಮೆಮೊರಿ ಸೋರುತ್ತದೆ, ಇಲ್ಲವೇ ಎರಡು ಸಲ ಬಿಡುಗಡೆಯಾಗಿ ಪ್ರೋಗ್ರಾಂ ಕುಸಿಯುತ್ತದೆ. ಕರೆಯುವ ಮೊದಲು ಯಾವ ಲಾಕ್ ಹಿಡಿದಿರಬೇಕು, ಖಾಲಿ ಪಟ್ಟಿ ಕೊಟ್ಟರೆ ಏನಾಗುತ್ತದೆ, ವಿಫಲವಾದರೆ ಬರುವುದು ಸೊನ್ನೆಯೋ ಮೈನಸ್ ಒಂದೋ, ಇವೂ ಅಷ್ಟೇ ಮುಖ್ಯ. ಬೇರೆ ಸಾಫ್ಟ್‌ವೇರ್‌ನ ಬಗ್ ಒಂದನ್ನು ತಪ್ಪಿಸಲು ಸುತ್ತುದಾರಿ ಹಿಡಿದಿದ್ದರೆ, ಯಾವ ಆವೃತ್ತಿಯ ಯಾವ ಬಗ್, ಯಾವ ಆವೃತ್ತಿ ಬಂದ ಮೇಲೆ ಈ ಸಾಲುಗಳನ್ನು ತೆಗೆಯಬಹುದು ಎಂದು ಬರೆಯಬೇಕು. ಹಾಗೆ ಬರೆಯದ ಸುತ್ತುದಾರಿಗಳನ್ನು ತೆಗೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ಬಗ್ ಸರಿಹೋಗಿ ವರ್ಷಗಳಾದರೂ ಅವು ಹಾಗೇ ಇರುತ್ತವೆ. ‘ಮುಂದೆ ಸರಿಪಡಿಸಬೇಕು’ ಎಂಬ ಟೂಡೂ ಕಾಮೆಂಟ್‌ಗೆ ಇಶ್ಯೂ ಸಂಖ್ಯೆ ಇರಲೇಬೇಕು. ಬಳಸದ ಕೋಡನ್ನು ಕಾಮೆಂಟ್ ಮಾಡಿ ಉಳಿಸುವುದಂತೂ ಬೇಡವೇ ಬೇಡ, ಹಳೆಯದನ್ನು ಕಾಪಾಡಲು, ಬದಲಾವಣೆಗಳ ದಾಖಲೆ ಇಡುವ ಗಿಟ್ ಇದೆ.

ಕಾಮೆಂಟ್‌ನ ದೊಡ್ಡ ದೌರ್ಬಲ್ಯವೆಂದರೆ ಅದನ್ನು ಕಂಪೈಲರ್ ಓದುವುದಿಲ್ಲ. ಕೋಡ್ ಬದಲಾಗಿ ಕಾಮೆಂಟ್ ಹಳೆಯದೇ ಉಳಿದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಸುಳ್ಳು ಹೇಳುವ ಕಾಮೆಂಟ್ ಇರುವುದಕ್ಕಿಂತ ಇಲ್ಲದಿರುವುದೇ ಮೇಲು, ಏಕೆಂದರೆ ಇಲ್ಲದಿದ್ದಾಗ ಓದುಗರು ಕೋಡನ್ನಾದರೂ ಓದುತ್ತಾರೆ. ಇದಕ್ಕೆ ಪೂರ್ತಿ ಪರಿಹಾರವಿಲ್ಲ, ಆದರೆ ಯಂತ್ರದ ನೆರವು ಸಾಕಷ್ಟು ಪಡೆಯಬಹುದು. ಪೈಥಾನ್‌ನ ಡಾಕ್‌ಟೆಸ್ಟ್, ಡಾಕ್‌ಸ್ಟ್ರಿಂಗ್‌ನೊಳಗಿನ (ಫಂಕ್ಷನ್‌ನ ಒಳಗೇ ಬರೆಯುವ ವಿವರಣೆಯೊಳಗಿನ) ಉದಾಹರಣೆಯನ್ನು ಓಡಿಸಿ ಅಲ್ಲಿ ಬರೆದ ಉತ್ತರವೇ ಬರುತ್ತದೆಯೇ ಎಂದು ನೋಡುತ್ತದೆ. ರಸ್ಟ್ ಭಾಷೆಯಲ್ಲಿ ಇದಕ್ಕೆ ಬೇರೆ ಏರ್ಪಾಡೇ ಬೇಡ, ಲೈಬ್ರರಿಯ ಮೂರು ಓರೆಗೆರೆಯ ಕಾಮೆಂಟ್‌ಗಳೊಳಗಿನ ಉದಾಹರಣೆಗಳು ‘ಕಾರ್ಗೋ ಟೆಸ್ಟ್’ ಹಾಕಿದೊಡನೆ ತಾವಾಗಿ ಪರೀಕ್ಷೆಗೆ ಒಳಗಾಗುತ್ತವೆ. ಲಿನಕ್ಸ್ ಕರ್ನಲ್‌ನಲ್ಲಿ ಫಂಕ್ಷನ್‌ಗೆ ಹೊಸ ಪ್ಯಾರಾಮೀಟರ್ ಸೇರಿಸಿ ಅದರ ಮೇಲಿನ ಕರ್ನಲ್‌ಡಾಕ್ ಕಾಮೆಂಟ್‌ನಲ್ಲಿ ಅದನ್ನು ಹೆಸರಿಸದಿದ್ದರೆ, ಡಾಕ್ಯುಮೆಂಟೇಶನ್ ತಯಾರಿಸುವಾಗ ಎಚ್ಚರಿಕೆ ಬರುತ್ತದೆ. ಕೈಪಿಡಿ ತಯಾರಿಸಲು ಸ್ಫಿಂಕ್ಸ್ ಎಂಬ ಸಾಧನ ಬಳಸುವವರು ಎಚ್ಚರಿಕೆಗಳನ್ನೇ ದೋಷವೆಂದು ಪರಿಗಣಿಸುವ ದೊಡ್ಡಕ್ಷರದ ಡಬ್ಲ್ಯೂ ಆಯ್ಕೆಯನ್ನು ಹಾಕಬೇಕು, ಸತ್ತ ಕೊಂಡಿಗಳನ್ನು ಹುಡುಕುವ ಲಿಂಕ್‌ಚೆಕ್ ಅನ್ನು ವಾರಕ್ಕೊಮ್ಮೆ ಓಡಿಸಬೇಕು. ಉಳಿದದ್ದು ಮನುಷ್ಯರ ಶಿಸ್ತು: ಕೋಡ್ ಬದಲಿಸುವ ಪುಲ್ ರಿಕ್ವೆಸ್ಟ್‌ನಲ್ಲೇ ಕಾಮೆಂಟ್ ಮತ್ತು ಕೈಪಿಡಿಯ ತಿದ್ದುಪಡಿಯೂ ಇರಬೇಕು. ‘ಡಾಕ್ಯುಮೆಂಟೇಶನ್ ಆಮೇಲೆ ಕಳಿಸುತ್ತೇನೆ’ ಎಂದವರ ರಿಕ್ವೆಸ್ಟ್ ತಡೆಹಿಡಿಯುವ ಅಧಿಕಾರ ರಿವ್ಯೂ ಮಾಡುವವರಿಗೆ ಇರಬೇಕು.

ಕಾಮೆಂಟ್‌ನಲ್ಲಿ ಹಿಡಿಸಲಾಗದ ಉದ್ದದ ಕಾರಣಗಳಿಗೆ ಕಮಿಟ್ ಸಂದೇಶವಿದೆ, ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವಾಗ (ಕಮಿಟ್ ಮಾಡುವಾಗ) ಬರೆಯುವ ಟಿಪ್ಪಣಿ. ಅದನ್ನು ‘ಅಪ್‌ಡೇಟ್’, ‘ಫಿಕ್ಸ್’ ಎಂದು ಮುಗಿಸುವುದು ಅತ್ಯಂತ ಸಾಮಾನ್ಯವಾದ, ಅತ್ಯಂತ ದುಬಾರಿಯಾದ ಅಭ್ಯಾಸ. ಮೊದಲ ಸಾಲಿನಲ್ಲಿ ಬದಲಾವಣೆಯ ಸಾರ, ಒಂದು ಖಾಲಿ ಸಾಲು, ಆಮೇಲೆ ಸಮಸ್ಯೆ ಏನಿತ್ತು, ಯಾವ ಸಂದರ್ಭದಲ್ಲಿ ಕಾಣುತ್ತಿತ್ತು, ಬೇರೆ ಯಾವ ದಾರಿಗಳನ್ನು ಏಕೆ ಬಿಟ್ಟಿರಿ ಎಂಬ ವಿವರ. ಕರ್ನಲ್‌ನಲ್ಲಿ ಹಿಂದಿನ ಕಮಿಟ್‌ನ ತಪ್ಪು ತಿದ್ದುವಾಗ ‘ಫಿಕ್ಸಸ್’ ಎಂಬ ಸಾಲಿನಲ್ಲಿ ಅದರ ಗುರುತಿನ ಮೊದಲ 12 ಅಕ್ಷರಗಳನ್ನೂ ಶೀರ್ಷಿಕೆಯನ್ನೂ ಬರೆಯುತ್ತಾರೆ. ಹಳೆಯ ಆವೃತ್ತಿಗಳಲ್ಲಿ ಯಾವುದಕ್ಕೆ ಈ ತಿದ್ದುಪಡಿ ಬೇಕೆಂದು ಹುಡುಕುವುದು ಇದರಿಂದ ಸಲೀಸು. ವರ್ಷಗಳ ನಂತರ ಯಾರಾದರೂ ‘ಗಿಟ್ ಬ್ಲೇಮ್’ ಹಾಕಿ ಒಂದು ಸಾಲಿನ ಮೂಲ ಹುಡುಕಿದಾಗ ಸಿಗುವುದು ಈ ಸಂದೇಶವೇ. ಇಡೀ ಯೋಜನೆಯ ಇಂಡೆಂಟೇಶನ್ ಒಮ್ಮೆಲೇ ಬದಲಿಸಿದರೆ ಬ್ಲೇಮ್ ಆ ಕಮಿಟ್ ಬಳಿಯೇ ನಿಂತುಬಿಡುತ್ತದೆ. ಅಂಥ ಕಮಿಟ್‌ಗಳನ್ನು ಲೆಕ್ಕಕ್ಕೆ ಹಿಡಿಯದಂತೆ ಪಟ್ಟಿ ಮಾಡಿಡುವ ಸೌಲಭ್ಯ ಗಿಟ್‌ನಲ್ಲಿದೆ, ಬಳಸಬೇಕು.

ಇನ್ನು ರೀಡ್‌ಮಿ. ಬರೆದವರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಕೆಲಸ ಮಾಡುವ ಇನ್‌ಸ್ಟಾಲ್ ಸೂಚನೆಗಳು ಎಲ್ಲೆಲ್ಲೂ ಇವೆ. ಕಾರಣಗಳು ಹೆಚ್ಚು ಕಡಿಮೆ ಇವೇ: ಎಂದೋ ಹಾಕಿಕೊಂಡ ಲೈಬ್ರರಿಯ ಹೆಡರ್ ಪ್ಯಾಕೇಜ್ ಮರೆತಿರುತ್ತದೆ (ಡೆಬಿಯನ್‌ನಲ್ಲಿ ಅದರ ಹೆಸರು ‘ಡೆವ್’ ಎಂದೂ ಫೆಡೋರಾದಲ್ಲಿ ‘ಡೆವೆಲ್’ ಎಂದೂ ಕೊನೆಯಾಗುತ್ತದೆ), ಭಾಷೆಯ ಆವೃತ್ತಿ ನಮೂದಾಗಿರುವುದಿಲ್ಲ, ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದು ಬರೆದವರ ಶೆಲ್‌ನಲ್ಲಿ ಮೊದಲೇ ಇರುತ್ತದೆ, ಅಥವಾ ಸಂರಚನಾ ಕಡತ ಗಿಟ್‌ಇಗ್ನೋರ್ ಪಟ್ಟಿಯಲ್ಲಿದ್ದು ರೆಪಾಸಿಟರಿಗೆ (ಯೋಜನೆಯ ಕೋಡ್ ಸಂಗ್ರಹಕ್ಕೆ) ಬಂದೇ ಇರುವುದಿಲ್ಲ. ಪರೀಕ್ಷಿಸುವ ವಿಧಾನ ಸರಳ. ಏನೂ ಇಲ್ಲದ ಹೊಸ ಕಂಟೇನರ್ (ಕಂಪ್ಯೂಟರ್‌ನೊಳಗಿನ ಪ್ರತ್ಯೇಕ ಪರಿಸರ) ಒಂದನ್ನು ಶುರು ಮಾಡಿ, ರೀಡ್‌ಮಿಯಲ್ಲಿರುವ ಕಮಾಂಡ್‌ಗಳನ್ನಷ್ಟೇ ಒಂದೊಂದಾಗಿ ನಕಲಿಸಿ ಹಾಕಿ. ನಿಂತ ಜಾಗದಲ್ಲಿ ರೀಡ್‌ಮಿ ತಿದ್ದಿ, ಹೊಸ ಕಂಟೇನರ್‌ನಲ್ಲಿ ಮತ್ತೆ ಮೊದಲಿನಿಂದ ಮಾಡಿ. ಡಾಕ್ಸಿಜನ್‌ನಂಥ ಸಾಧನ ಕೋಡ್‌ನಿಂದ ತಾನಾಗಿ ತೆಗೆದುಕೊಟ್ಟ ಫಂಕ್ಷನ್‌ಗಳ ಪಟ್ಟಿಯನ್ನೇ ಕೈಪಿಡಿ ಎಂದು ಕರೆಯುವುದೂ ಸಲ್ಲ. ಹೆಸರು ಗೊತ್ತಿದ್ದವರಿಗೆ ಪಟ್ಟಿ ಸಾಕು, ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯದವರಿಗೆ ಅದರಿಂದ ಉಪಯೋಗವಿಲ್ಲ.

ಭಾಷೆಯ ವಿಷಯದಲ್ಲಿ ಎರಡು ಮಾತು. ಲಿಬ್ರೆಆಫೀಸ್‌ನ ಮೂಲ ಜರ್ಮನಿಯ ಸ್ಟಾರ್‌ಆಫೀಸ್; ಹಾಗಾಗಿ ಅದರ ಕೋಡ್‌ನಲ್ಲಿ ಜರ್ಮನ್ ಕಾಮೆಂಟ್‌ಗಳು ತುಂಬಿದ್ದವು. ಅವನ್ನು ಹುಡುಕಲೆಂದೇ ಒಂದು ಸ್ಕ್ರಿಪ್ಟ್ ಬರೆದು, ಸ್ವಯಂಸೇವಕರು ವರ್ಷಗಟ್ಟಲೆ ಕೂತು ಇಂಗ್ಲಿಷ್‌ಗೆ ತಂದರು. ಜಗತ್ತಿನ ನಾನಾ ಕಡೆಯವರು ತಿದ್ದುವ ಕೋಡ್‌ನಲ್ಲಿ ಕಾಮೆಂಟ್ ಇಂಗ್ಲಿಷ್‌ನಲ್ಲಿರುವುದೇ ಸರಿ. ಆದರೆ ಕನ್ನಡದಲ್ಲಿ ಬಳಸುವವರ ಕೈಪಿಡಿ ಕನ್ನಡದಲ್ಲೇ ಇರಬೇಕು, ಮತ್ತು ಕನ್ನಡಕ್ಕೆ ಅನುವಾದಿಸುವವರಿಗೆ ಕೋಡ್ ಬರೆದವರ ಕಾಮೆಂಟ್ ತಲುಪಬೇಕು. ‘ಇಂಥ ಕಡತವನ್ನು ಇಂಥ ಫೋಲ್ಡರ್‌ಗೆ ನಕಲಿಸಲಾಗುತ್ತಿದೆ’ ಎಂಬ ಸಂದೇಶದಲ್ಲಿ ಎರಡು ಖಾಲಿ ಜಾಗಗಳಿರುತ್ತವೆ. ಯಾವುದು ಕಡತ, ಯಾವುದು ಫೋಲ್ಡರ್ ಎಂದು ತಿಳಿಯದಿದ್ದರೆ ವಿಭಕ್ತಿ ಪ್ರತ್ಯಯವನ್ನು ಊಹಿಸಿ ಹಾಕಬೇಕಾಗುತ್ತದೆ. ಅನುವಾದಕ್ಕೆ ಗೆಟ್‌ಟೆಕ್ಸ್ಟ್ ಎಂಬ ಸಾಧನ ಬಳಸುವ ಯೋಜನೆಗಳಲ್ಲಿ ಸಂದೇಶದ ಸಾಲಿಗೆ ತೀರಾ ಮೇಲೆ ಅನುವಾದಕರಿಗೆಂದು ಕಾಮೆಂಟ್ ಬರೆದು, ಸಂದೇಶಗಳನ್ನು ಹೊರತೆಗೆಯುವಾಗ ಕಾಮೆಂಟ್ ಸೇರಿಸುವ ಆಯ್ಕೆ ಕೊಟ್ಟರೆ ಅದು ಅನುವಾದದ ಕಡತಕ್ಕೆ ಹೋಗುತ್ತದೆ. ಆಯ್ಕೆ ಕೊಡದಿದ್ದರೆ ಅಥವಾ ನಡುವೆ ಬೇರೆ ಕೋಡ್ ಬಂದರೆ ಹೋಗುವುದಿಲ್ಲ. ಎಷ್ಟೋ ಯೋಜನೆಗಳಲ್ಲಿ ಕಾಮೆಂಟ್ ಇದ್ದೂ ಅನುವಾದಕರಿಗೆ ಕಾಣದಿರುವುದು ಇದರಿಂದಲೇ. ಖಾಲಿ ಜಾಗಗಳಿಗೆ ಸಂಖ್ಯೆ ಅಥವಾ ಹೆಸರು ಕೊಟ್ಟರೆ ಕನ್ನಡದ ವಾಕ್ಯಕ್ಕೆ ಬೇಕಾದಂತೆ ಹಿಂದುಮುಂದು ಮಾಡಲೂ ಆಗುತ್ತದೆ.

ಓಪನ್ ಸೋರ್ಸ್ ಯೋಜನೆಗಳಿಗೆ ನೆಲೆಯಾದ ಗಿಟ್‌ಹಬ್ ತಾಣ 2017ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ 93ರಷ್ಟು ಮಂದಿ, ಅಪೂರ್ಣವಾದ ಇಲ್ಲವೇ ಹಳತಾದ ಡಾಕ್ಯುಮೆಂಟೇಶನ್ ಎಲ್ಲೆಡೆ ಕಾಣುವ ಸಮಸ್ಯೆ ಎಂದಿದ್ದರು. ಕೊಡುಗೆ ನೀಡುವವರಲ್ಲಿ ಶೇ 60ರಷ್ಟು ಮಂದಿ ಡಾಕ್ಯುಮೆಂಟೇಶನ್‌ಗೆ ತಾವು ಕೈ ಹಾಕುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಎಂದಿದ್ದರು. ವಿದ್ಯಾರ್ಥಿಗಳಿಗೆ ಇಲ್ಲಿ ನಿಜವಾದ ಕೆಲಸ ಬೇಕಾದಷ್ಟಿದೆ, ತಯಾರಿ ಕೊಟ್ಟು ಕಳಿಸಬೇಕಷ್ಟೆ.

ವಿಶ್ವವಿದ್ಯಾಲಯಗಳಲ್ಲಿ, ಕಾಲೇಜುಗಳಲ್ಲಿ ನಮ್ಮ ವಿನಂತಿ ಇಷ್ಟು. ಲ್ಯಾಬ್ ರೆಕಾರ್ಡ್‌ನಲ್ಲಿ ಸಾಲಿಗೊಂದು ಕಾಮೆಂಟ್ ಕೇಳುವುದನ್ನು ಬಿಡಿ. ಅದರ ಬದಲು ಪ್ರತಿ ಪ್ರೋಗ್ರಾಂನಲ್ಲಿ ತಾವು ಮಾಡಿದ ಆಯ್ಕೆಗಳಿಗೆ ಕಾರಣ ಹೇಳುವ ಎರಡು ಮೂರು ಕಾಮೆಂಟ್‌ಗಳನ್ನು ಕೇಳಿ, ಅಂಕವನ್ನು ಅವಕ್ಕೆ ಕೊಡಿ. ಅಂತಿಮ ವರ್ಷದ ಪ್ರಾಜೆಕ್ಟ್ ಮೌಲ್ಯಮಾಪನದ ದಿನ ಒಂದು ತಂಡದ ರೆಪಾಸಿಟರಿಯನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಹೊಸ ಯಂತ್ರದಲ್ಲಿ ರೀಡ್‌ಮಿ ಮಾತ್ರ ನೋಡಿಕೊಂಡು ಒಂದು ಗಂಟೆಯೊಳಗೆ ಬಿಲ್ಡ್ ಮಾಡಿ, ಒಂದು ಸಣ್ಣ ಬದಲಾವಣೆಯನ್ನೂ ಮಾಡಲು ಹೇಳಿ. ಬರೆದ ತಂಡದವರು ಬಾಯಿಬಿಟ್ಟು ಸಹಾಯ ಮಾಡುವಂತಿಲ್ಲ. ಎಲ್ಲಿ ನಿಂತಿತು ಎಂಬುದರ ಮೇಲೆ ಬರೆದ ತಂಡಕ್ಕೆ ಅಂಕ ಕೊಡಿ. ಕಾರ್ಯಾಗಾರ ನಡೆಸುವವರು ವಿದ್ಯಾರ್ಥಿಗಳಿಗೆ ಮೊದಲು ಮಾಡಿಸಬೇಕಾದ್ದೂ ಇದನ್ನೇ: ತಾವು ನಿಜವಾಗಿ ಬಳಸುವ ಒಂದು ಯೋಜನೆಯ ಇನ್‌ಸ್ಟಾಲ್ ಸೂಚನೆಗಳನ್ನು ಹೊಸ ಕಂಟೇನರ್‌ನಲ್ಲಿ ಓಡಿಸಿ ನೋಡಲಿ. ಎಲ್ಲಾದರೂ ನಿಂತರೆ ಆಪರೇಟಿಂಗ್ ಸಿಸ್ಟಂನ ಆವೃತ್ತಿ, ಹಾಕಿದ ಕಮಾಂಡ್, ಬಂದ ದೋಷದ ಸಂದೇಶ, ತಾವು ಸೂಚಿಸುವ ತಿದ್ದುಪಡಿ ಇಷ್ಟನ್ನೂ ಬರೆದು ಇಶ್ಯೂ ತೆರೆಯಲಿ. ಮೇಂಟೇನರ್ ಒಪ್ಪಿದ ಮೇಲೆ ಪುಲ್ ರಿಕ್ವೆಸ್ಟ್ ಕಳಿಸಲಿ.

ಇಂತಿ,
ಓಪನ್ ಸೋರ್ಸ್ ಯೋಜನೆಗಳ ನಿರ್ವಹಣೆಯಲ್ಲಿ ತೊಡಗಿರುವ ಓದುಗರು, ಮೈಸೂರು